ಧೈರ್ಯ ಹೇಳಬಾರದು

ಟೆಲಿಫೋನ್ ಕೋಣೆಯ ಗೋಡೆಗೆ ಕೆಂಪು ಬಣ್ಣದಲ್ಲಿ ಬರೆಸಿದ್ದ ಆ ಒಂದು ಸಾಲನ್ನು ಓದಿ ಕಣಿವೆನಾಡಿನ ತಾಯಂದಿರು ಹಾಕಿದ ಶಾಪ ಒಂದೆರಡಲ್ಲ. "ಅಂಚಿನವರಿಗೆ ಯಾರೂ ಧೈರ್ಯ ಹೇಳಬಾರದು." ಇಷ್ಟೇ. ಯುದ್ಧಭೂಮಿಯ ಅಂಚಿನಲ್ಲಿ ಕೂತ ಮಗನಿಗೆ ಉಂಡೆಯಾ ಎಂದು ಕೇಳಬಹುದು, ಎಮ್ಮೆ ಈದ ಸುದ್ದಿ ಹೇಳಬಹುದು, ಮನಸ್ಸಾದರೆ ಸೊಸೆಯ ಮೇಲೆ ಚಾಡಿಯನ್ನೂ ಹೇಳಬಹುದು. "ಅಂಜಬ್ಯಾಡೋ ಯಪ್ಪಾ" ಎಂಬ ಮಾತು ಬಾಯಿಂದ ಬಂತೋ, ಅಲ್ಲಿಗೆ ಲೈನು ಕಟ್. ಹೆತ್ತವಳಿಗೆ ಆ ಮಾತು ಬಿಟ್ಟು ಬೇರೆ ಏನು ಹೊಳೆಯಬೇಕು ಹೇಳಿ? ಹೀಗಾಗಿ ಹತ್ತರಲ್ಲಿ ಒಂಬತ್ತು ಕರೆಗಳು ಅರ್ಧಕ್ಕೇ ಮುಗಿಯುತ್ತಿದ್ದವು, ತಾಯಂದಿರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದರು.

ಆ ಸಾಲು ಬರೆದವಳು ಡಾಕ್ಟರ್ ಮಾಳವ್ವ. ಒಂದು ಸಂಜೆ ಚಹಾದಲ್ಲಿ ಬಿಸ್ಕತ್ತು ಅದ್ದಿಕೊಳ್ಳುತ್ತ ಬರೆದಳು. ಕೆಟ್ಟ ಹೆಂಗಸೇನಲ್ಲ. ಈ ಕಥೆಯ ಸಂಕಟವೇ ಅದು. ಇದರಲ್ಲಿ ಕೆಟ್ಟವರು ಅಂತ ಯಾರಾದರೂ ಇದ್ದಿದ್ದರೆ ಅವರನ್ನು ನಾಲ್ಕು ಬೈದು ಎದ್ದು ಹೋಗಬಹುದಿತ್ತು.

ಮೊದಲು ವೈರಿಗಳ ವಿಷಯ. ಕಡಲ ಕಡೆಯಿಂದ ಘಟ್ಟ ಹತ್ತಿ ಬಂದ ಅವರನ್ನು ಜನ ಮಬ್ಬಿನವರು ಎಂದು ಕರೆದರು. ಅವರ ನಾಡಿನ ಕೆರೆಬಾವಿಗಳು ಬತ್ತಿ ಹೋಗಿದ್ದವು, ನಮ್ಮಲ್ಲಿ ಹಿರೇಕೊಳ್ಳದ ಆಣೆಕಟ್ಟು ತುಂಬಿ ನಿಂತಿತ್ತು. ಯುದ್ಧಕ್ಕೆ ಇನ್ನೇನು ಬೇಕು? ಅವರು ತೊಟ್ಟು ಬರುತ್ತಿದ್ದ ಬಟ್ಟೆ ಎಂಥದೆಂದರೆ ಬೆಳಕನ್ನು, ಮೈಯ ಕಾವನ್ನು, ರಾಡಾರಿನ ಅಲೆಯನ್ನು ಎಲ್ಲವನ್ನೂ ಪಕ್ಕಕ್ಕೆ ಸರಿಸಿಬಿಡುತ್ತಿತ್ತು. ಕ್ಯಾಮೆರಾಕ್ಕೆ ಬರೀ ಬಯಲು ಕಾಣಿಸುತ್ತಿತ್ತು. ಬರಿಗಣ್ಣಿಗೆ ಬೇಸಿಗೆಯ ಟಾರು ರಸ್ತೆಯ ಮೇಲೆ ಗಾಳಿ ನಡುಗಿದ ಹಾಗೆ ಒಂದು ಮಬ್ಬು, ಅದೂ ತೀರ ಹತ್ತಿರ ಬಂದ ಮೇಲೆ. ಕಂಡಿತು ಅನ್ನುವಷ್ಟರಲ್ಲಿ ಕಂಡವನು ಸತ್ತಿರುತ್ತಿದ್ದ.

ಆದರೂ ಒಂದು ಮಾತಿತ್ತು. ಬದುಕಿ ಬಂದ ಸಿಪಾಯಿಗಳೆಲ್ಲ ಗುಟ್ಟಾಗಿ ಒಂದೇ ಸಂಗತಿ ಹೇಳುತ್ತಿದ್ದರು. ಕಣ್ಣಿಗೆ ಕಾಣುವುದಕ್ಕಿಂತ ಬಹಳ ಮುಂಚೆ ಕತ್ತಿನ ಹಿಂದೆ ಕೂದಲು ನಿಂತಿದ್ದವು, ಹೊಟ್ಟೆಯಲ್ಲಿ ತಣ್ಣಗಾಗಿತ್ತು. ಜೀರುಂಡೆ ಸುಮ್ಮನಾದದ್ದೋ, ನೆಲ ಕೂದಲೆಳೆಯಷ್ಟು ಅದುರಿದ್ದೋ, ಏನೋ ಒಂದು ಬುದ್ಧಿಗೆ ತಿಳಿಯದೆ ಮೈಗೆ ತಿಳಿದಿತ್ತು. ಗುಟ್ಟಾಗಿ ಯಾಕೆ ಹೇಳಬೇಕು ಅಂದರೆ, ಆಗಿನ ಸೈನ್ಯದಲ್ಲಿ ಅಂಜಿದವನಿಗೆ ಬಳೆ ತೊಡಿಸುವ ಪದ್ಧತಿ ಇತ್ತು. ಪ್ರತಿ ತುಕಡಿಯಲ್ಲೂ ಒಂದು ಬಳೆ ಪೆಟ್ಟಿಗೆ. "ಸಾಹೇಬ್ರ, ಆ ಕಡೆ ಏನೋ ಐತಿ ಅನ್ನಸ್ತೈತ್ರಿ" ಅಂದವನ ಕೈಗೆ ಸಾಲಿನ ಎದುರು ಹಸಿರು ಬಳೆ ಏರಿಸಿ ನಗುತ್ತಿದ್ದರು. ಕರಡಿಹಳ್ಳದ ದಾಟಿನಲ್ಲಿ ಒಂದು ಇಡೀ ಪಡೆಗೆ ಹಾಗನ್ನಿಸಿತು. ಬಳೆಗೆ ಹೆದರಿ ಒಬ್ಬನೂ ಬಾಯಿ ಬಿಡಲಿಲ್ಲ. ಸಂಜೆಗೆ ಆ ಹಳ್ಳದಲ್ಲಿ ನೀರು ಕುಡಿಯುವ ಹಾಗಿರಲಿಲ್ಲ.

ಆ ಸೋಲಿನ ಮೇಲೆ ದಂಡನಾಯಕನಾಗಿ ಬಂದವನು ಈಶ್ವರಪ್ಪ ಜಾಲಿಹಾಳ. ಕುಳ್ಳ ಮನುಷ್ಯ, ಗೊಗ್ಗರು ದನಿ. ಅಧಿಕಾರ ವಹಿಸಿಕೊಂಡ ದಿನ ಬಳೆ ಪೆಟ್ಟಿಗೆಗಳನ್ನೆಲ್ಲ ಕವಾಯತು ಮೈದಾನಕ್ಕೆ ತರಿಸಿ, ಎಲ್ಲರ ಎದುರಿಗೆ ತಾನೇ ಎರಡೂ ಕೈತುಂಬ ತೊಟ್ಟುಕೊಂಡು ನಿಂತ.

"ಕರಡಿಹಳ್ಳದಾಗ ನಾನೂ ಇದ್ದೆ. ನನಗೂ ಅಂಜಿಕಿ ಬಂದಿತ್ತು. ಹೇಳಲಿಲ್ಲ. ಅದಕ್ಕ ಈ ಬಳಿ ನನಗ ಸಲ್ಲಬೇಕು. ಇನ್ನ ಮ್ಯಾಲ ಯಾರಿಗರ ಅಂಜಿಕಿ ಬಂದ್ರ ಮುಚ್ಚಿಡಬ್ಯಾಡ್ರಿ, ತಮ್ಮಾಗೋಳ. ಅದ ನಮ್ಮ ಕಣ್ಣು."

ಮೀಸೆ ಹೊತ್ತ ಗಂಡಸರು ಮೈದಾನದಲ್ಲಿ ನಿಂತು ಅತ್ತರು. ಅಂಥ ನಾಯಕ ಸಿಕ್ಕರೆ ಯಾರು ತಾನೇ ಜೀವ ಕೊಡುವುದಿಲ್ಲ?

ಆ ಮಾತನ್ನು ಯಂತ್ರ ಮಾಡಿಕೊಟ್ಟವಳು ಮಾಳವ್ವ. ಕುರಿ ಹಿಂಡಿನ ಹಿಂದೆ ಅಲೆದ ಮನೆತನದವಳು. ಅಪ್ಪನ ಹಿಂಡಿನಲ್ಲಿ ಬೆಳೆದು, ಓದಿ, ನರಗಳ ವಿಜ್ಞಾನದಲ್ಲಿ ಡಾಕ್ಟರಾದವಳು. ಕತ್ತಿಗೆ ಕಟ್ಟುವ ಒಂದು ಪಟ್ಟಿ ಮಾಡಿದಳು. ಅದು ನಾಡಿ ಬಡಿತ, ಬೆವರು, ನಿಂತ ಕೂದಲು ಇಷ್ಟನ್ನೂ ಓದಿ ಕೆಂಗಲ್ ಗುಡ್ಡದ ಹೊಟ್ಟೆಯಲ್ಲಿ ಕೊರೆದ ನಿಯಂತ್ರಣ ಕೋಣೆಗೆ ಕಳಿಸುತ್ತಿತ್ತು. ಅಲ್ಲಿ ಒಂದು ದೊಡ್ಡ ಗಾಜಿನ ನಕಾಶೆ, ಅದರ ಮೇಲೆ ಒಬ್ಬೊಬ್ಬರಿಗೆ ಒಂದೊಂದು ದೀಪ. ಅಂಜಿಕೆ ಏರಿದಂತೆ ದೀಪ ಏರುತ್ತಿತ್ತು. ಯಾರ ದೀಪ ಮೊದಲು ಏರಿತು, ಪಕ್ಕದವರದು ಎಷ್ಟು ತಡವಾಗಿ ಏರಿತು ಎಂದು ಲೆಕ್ಕ ಹಾಕಿದರೆ ಮಬ್ಬಿನವರು ಎಲ್ಲಿದ್ದಾರೆ ಎಂಬುದು ತಿಳಿಯುತ್ತಿತ್ತು. ಗುಡ್ಡದ ಹಿಂದಿನ ಫಿರಂಗಿಗಳು ಆ ಲೆಕ್ಕದ ಕಡೆಗೆ ತಾವೇ ತಿರುಗುತ್ತಿದ್ದವು.

"ಇದ ನಿಮಗೆಲ್ಲಿ ಹೊಳೀತು ಮಾಳವ್ವಾರ?" ಎಂದು ಜಾಲಿಹಾಳ ಮೊದಲ ದಿನ ಕೇಳಿದ್ದ.

"ಕುರಿಹಟ್ಟ್ಯಾಗ್ರೀ. ತ್ವಾಳ ಬರೂದು ಕುರುಬನ ಕಣ್ಣಿಗೆಲ್ಲಿ ಕಾಣಬೇಕು? ಆತ ತ್ವಾಳ ನೋಡಂಗಿಲ್ಲ, ಕುರಿ ನೋಡತಾನ. ಅಂಚಿನ ಕುರಿ ಕಿವಿ ನಿಗರಿಸಿದ್ರ ಆ ಕಡೆ ಐತಿ ಅಂತ ಲೆಕ್ಕ."

"ಆಮ್ಯಾಲ ಏನ್ ಮಾಡ್ತಿದ್ರು ನಿಮ್ಮಪ್ಪ?"

"ಮಾಡೂದೇನ್ರೀ, ಬಡಿಗಿ ತಗೊಂಡು ಆ ಕುರಿ ಕಡೆ ಓಡತಿದ್ದ."

"ಹಂಗಾರ ನಾವೂ ಓಡೂಣು" ಎಂದು ಜಾಲಿಹಾಳ ನಕ್ಕಿದ್ದ. ಮಾತಷ್ಟೇ ಅಲ್ಲ, ಮಾಡಿಯೂ ತೋರಿಸಿದ. ಮೊದಲಿನ ಕಾಳಗಗಳಲ್ಲಿ ತಾನೇ ಪಟ್ಟಿ ಕಟ್ಟಿಕೊಂಡು ಅಂಚಿನಲ್ಲಿ ಕೂತ, ದೀಪ ಏರಿದ ಕಡೆಗೆ ಪಡೆ ಕಟ್ಟಿಕೊಂಡು ಓಡಿದ. ಮಬ್ಬಿನವರು ಮೊದಲ ಬಾರಿಗೆ ಹಿಂದೆ ಸರಿದರು. ಊರೂರಲ್ಲಿ ಪೇಢೆ ಹಂಚಿದರು.

ಎಡವಟ್ಟು ಆಮೇಲೆ ಆಯಿತು. ಮನುಷ್ಯನ ಮೈ ಎಲ್ಲದಕ್ಕೂ ಒಗ್ಗಿಕೊಳ್ಳುತ್ತದೆ, ಸುಡುಗಾಡಿಗೂ ಒಗ್ಗಿಕೊಳ್ಳುತ್ತದೆ. ನಾಲ್ಕಾರು ಕಾಳಗ ನೋಡಿದ ಸಿಪಾಯಿಗಳ ದೀಪಗಳು ಮಂದವಾದವು. ಮಬ್ಬಿನವರು ಮೂಗಿನ ಮುಂದೆ ಬಂದರೂ ಅವು ಮಿಣುಕುತ್ತಿರಲಿಲ್ಲ. ಮೊದಲು ಆರಿದ್ದು ಜಾಲಿಹಾಳನದೇ. ಆತ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟ.

"ನಾ ಇನ್ನ ಅಂಚಿಗೆ ಬಂದು ಉಪಯೋಗಿಲ್ಲ ಬಿಡ್ರಿ. ಹೊಸಬರು ಬೇಕು. ಯುದ್ಧದ ಮಾರಿ ನೋಡದವರು" ಎಂದ.

ಮಾಳವ್ವ ತಲೆಯಾಡಿಸಿದಳು. ವಿಜ್ಞಾನ ಸರಿಯಾಗಿಯೇ ಇತ್ತಲ್ಲ! ದರ್ಜಿಗಳು, ಕಂಡಕ್ಟರುಗಳು, ಸಾಲಿ ಮಾಸ್ತರರು ಅಂಚಿಗೆ ಬಂದರು. ಕೆಲವು ವಾರ ಕೂತು, ಮೈ ಮರಗಟ್ಟುವ ಮೊದಲು ಬದಲಾಗಿ ಹೋಗುತ್ತಿದ್ದರು, ಬದುಕಿದ್ದರೆ. ಅವರ ಕೈಗೆ ಬಂದೂಕು ಕೊಡಲಿಲ್ಲ. ಬಂದೂಕು ಕೈಯಲ್ಲಿದ್ದರೆ ಅಂಜಿಕೆ ಕಮ್ಮಿಯಾಗುತ್ತದೆ ಎಂದು ಮಾಳವ್ವನ ಲೆಕ್ಕವೇ ಹೇಳಿತು. ಹಾಗೆಯೇ ಮನೆಯಿಂದ ಫೋನು ಬಂದ ಮೇಲೆ ಎರಡು ದಿನ ದೀಪ ತಗ್ಗುತ್ತದೆ ಎಂಬುದನ್ನೂ ಅವಳೇ ಕಂಡುಹಿಡಿದಳು. ಆಗಲೇ ಆ ಚಹಾ, ಆ ಬಿಸ್ಕತ್ತು, ಆ ಒಂದು ಸಾಲು.

ಅಂಚಿನವರ ಕಡೆ ಬಡಿಗೆ ಹಿಡಿದು ಓಡುವುದು ಮಾತ್ರ ಯಾವಾಗ ನಿಂತಿತೋ ಯಾರಿಗೂ ನೆನಪಿರಲಿಲ್ಲ. ಓಡುವ ಕೆಲಸ ಫಿರಂಗಿಯ ಗುಂಡಿಗೆ ಬಿಟ್ಟಾಗಿತ್ತು.

ಇನ್ನು ಮನೆಯ ಸುದ್ದಿ. ಆಣೆಕಟ್ಟಿನ ಕೆಳಗಿನ ಹುಲಿಕಟ್ಟಿ ಊರಿನಲ್ಲಿ ಮಾಳವ್ವನ ತಾಯಿ ಸಿದ್ದವ್ವ ಮತ್ತು ತಂಗಿ ಕೆಂಚವ್ವ ಇದ್ದರು. ಕೆಂಚವ್ವ ಮೂವತ್ತು ದಾಟಿದವಳು, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಊರಿನ ಅರ್ಧ ಕುಪ್ಪಸ ಹೊಲಿಯುತ್ತಿದ್ದಳು. ಬಾಯಿ ಮಾತ್ರ ಊರಿಗೆ ದೊಡ್ಡದು, ಅಂಜಿಕೆ ಅದಕ್ಕಿಂತ ದೊಡ್ಡದು. ಗುಡುಗಿಗೆ ಅಂಜುತ್ತಿದ್ದಳು, ಸೂಜಿಮದ್ದಿಗೆ ಅಂಜುತ್ತಿದ್ದಳು, ನೋಡಲು ಬಂದ ಗಂಡಿನ ಮೀಸೆಗೆ ಅಂಜಿ ಹಿತ್ತಲಿಗೆ ಓಡಿ ಸಂಬಂಧ ಮುರಿದುಕೊಂಡಿದ್ದಳು. ಹಲ್ಲಿಯ ಮಾತು ಕೇಳಲೇಬೇಡಿ. ಗೋಡೆಯ ಮೇಲೆ ಹಲ್ಲಿ ಕಂಡರೆ ಮಿಷನ್ನಿನ ಮೇಲೆ ಹತ್ತಿ ನಿಂತು ಓಣಿ ಕೂಡಿಸುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ಅಂಜಿಕೆ ಬೆನ್ನಿನದು. ಚಿಕ್ಕವಳಿದ್ದಾಗ ಕುರಿಹಟ್ಟಿಯಲ್ಲಿ ಒಮ್ಮೆ ಬೆನ್ನ ಹಿಂದಿನಿಂದಲೇ ತೋಳ ಬಂದು ಮರಿ ಎತ್ತಿಕೊಂಡು ಹೋಗಿತ್ತು. ಅಂದಿನಿಂದ ಬೆನ್ನ ಹಿಂದೆ ಗೋಡೆಯೋ ಅಕ್ಕನೋ ಇರದೆ ಅವಳು ಮಲಗಿದವಳಲ್ಲ. ಮಾಳವ್ವ ಹಿಂದೆ ಒರಗಿ ಮಲಗಿ, "ಹಿಂದ ನಾ ಅದೀನಿ, ಮಕ್ಕೋ" ಅಂದರೆ ಆ ಕ್ಷಣಕ್ಕೆ ನಿದ್ದೆ. ಅಕ್ಕ ಡಾಕ್ಟರಾಗಿ ಮನೆಗೆ ಬಂದಾಗಲೂ ಅದೇ ಪಾಠ.

ತಾಲೂಕಿನ ಜನಕ್ಕೆಲ್ಲ ಪಟ್ಟಿ ಕಟ್ಟಿ ಪರೀಕ್ಷೆ ಮಾಡಿದಾಗ ಕೆಂಚವ್ವನ ದೀಪ ಎಲ್ಲರಿಗಿಂತ ಮೇಲಕ್ಕೆ ಹೋಯಿತು. ಮಾಳವ್ವ ಗಾಬರಿಯಾಗಿ ಊರಿಗೆ ಓಡಿದರೆ, ಅವಳು ಗುಂಡಿ ಹಚ್ಚುತ್ತ ಕೂತು ನಗುತ್ತಿದ್ದಾಳೆ!

"ಹುಟ್ಟಿದಾಗಿಂದ ಅಂಜುಬುರುಕಿ ಅಂತ ಓಣಿ ಮಂದಿಯೆಲ್ಲ ಕಾಡತಿದ್ರಲ್ಲ, ಈಗ ನೋಡಕ್ಕ, ಇಡೀ ತಾಲೂಕಿಗೇ ಫಸ್ಟ್ ಬಂದೀನಿ! ಸರ್ಕಾರಕ್ಕ ಬೇಕಾದದ್ದು ನನ್ನ ಹಂತೇಕ ಏನರ ಐತಿ ಅಂತ ನನಗ ಗೊತ್ತ ಇರಲಿಲ್ಲವ್ವಾ."

"ಬಾಯಿ ಮುಚ್ಚ. ನಿನ್ನ ಹೆಸರು ತಗಸತೀನಿ ನಾ."

"ತಗಸಿ ಯಾರನ್ನ ಹಾಕತಿ? ಎದರಮನಿ ನೀಲವ್ವನ ಮಗನ್ನ ಹಾಕತೀಯೇನ?" ಕೆಂಚವ್ವ ದಾರ ಕಡಿದು ತಲೆ ಎತ್ತಿದಳು. "ಆಣೆಕಟ್ಟು ಹೋದ್ರ ನಾವೂ ಹೋಕ್ಕೀವಿ, ಅವ್ವನೂ ಹೋಕ್ಕಾಳ. ಹೋಗಿ ಕೂತ ಬರ್ತೀನಿ ಬಿಡ. ಅಂಜೂದೇನು, ನನಗ ರೂಢಿ ಐತಿ."

ಮಾಳವ್ವ ಜಾಲಿಹಾಳನ ಬಳಿಗೂ ಹೋದಳು. ಆತ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ.

"ಹೆಸರು ಹೊಡದ ಹಾಕ್ರಿ. ನಾ ಯಾಕಂತ ಕೇಳಂಗಿಲ್ಲ. ನಿಮಗ ಬಿಟ್ಟೀನಿ."

ಆತ ಬೇಡ ಅಂದಿದ್ದರೆ ಜಗಳ ತೆಗೆಯುತ್ತಿದ್ದಳು, ಕಾಲು ಹಿಡಿಯುತ್ತಿದ್ದಳು. ನಿಮಗೆ ಬಿಟ್ಟೀನಿ ಅಂದುಬಿಟ್ಟ. ಊರ ಮಂದಿಯ ಮಕ್ಕಳನ್ನು ಅಂಚಿಗೆ ಕೂಡಿಸಿದ ಕೈಯಲ್ಲಿ ತನ್ನ ತಂಗಿಯ ಹೆಸರು ಹೊಡೆದು ಹಾಕಲು ಅವಳಿಗೆ ಆಗಲಿಲ್ಲ. ಪೆನ್ನು ಇಟ್ಟು ಎದ್ದು ಬಂದಳು. ನಾಯಕತನ ಅಂದರೆ ಇದೇನೋ, ಬೇರೆಯವರ ಕೈಯಿಂದ ಅವರ ಕುತ್ತಿಗೆಗೇ ಹಗ್ಗ ಹಾಕಿಸುವುದು, ಅದೂ ಒಳ್ಳೆಯ ಮನಸ್ಸಿನಿಂದ.

ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಸಿದ್ದವ್ವ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು, ಬಾಯಿ ಬಿಟ್ಟರೆ ಆ ಮಾತೇ ಬರುತ್ತದೆ ಎಂದು. ಕೆಂಚವ್ವ ಜೋರು ಜೋರು ಮಾತಾಡುತ್ತ, ಕೈಯ ಹಸಿರು ಬಳೆ ಗಲಗಲ ಅನ್ನಿಸುತ್ತ ಬಸ್ಸು ಹತ್ತಿದಳು. ಹತ್ತಿದವಳು ಮೆಟ್ಟಿಲ ಮೇಲೆ ತಿರುಗಿ ನಿಂತು ಅಕ್ಕನ ಮುಖ ನೋಡಿದಳು. ಆ ಮುಖ ಎಂಟು ವರ್ಷದ ಹುಡುಗಿಯ ಮುಖವಾಗಿತ್ತು. ಮಾಳವ್ವನಿಗೆ ತಡೆಯಲಾಗಲಿಲ್ಲ. ತಾನೇ ಬರೆದ ಸಾಲನ್ನು ತಾನೇ ಗಾಳಿಗೆ ತೂರಿದಳು.

"ಹಿಂದ ನಾ ಇರ್ತೀನಿ, ಕೆಂಚೀ. ಗುಡ್ಡದ ಮ್ಯಾಲ ನಿನ್ನ ಬೆನ್ನ ಹಿಂದ ನಾನ ಕೂತಿರ್ತೀನಿ."

ಕೆಂಚವ್ವನ ಮುಖ ಅರಳಿತು. ಬಸ್ಸು ಹೋಯಿತು.

ಕೊಳ್ಳದ ಬಾಯಿಯಲ್ಲಿ ಒಂದು ಗುಂಡಿ ತೋಡಿ ಕೆಂಚವ್ವನನ್ನು ಕೂಡಿಸಿದರು. ಆಚೀಚೆ ಕೂಗಳತೆಯಲ್ಲಿ ಇನ್ನೂ ಕೆಲವರು. ಅವಳ ದೀಪಕ್ಕೆ ಸರಿಗಟ್ಟುವ ದೀಪ ಇಡೀ ನಕಾಶೆಯಲ್ಲಿರಲಿಲ್ಲ. ನಿಯಂತ್ರಣ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತ ಇಮಾಮಸಾಬನಿಗೆ ಪಟ್ಟಿಯ ಮೈಕಿನಿಂದ ದೀಪಕ್ಕಿಂತ ಮೊದಲು ಬಳೆಯ ಸದ್ದೇ ಕೇಳುತ್ತಿತ್ತು. ಬಳೆ ಗಲಗಲ ಅಂದಿತೋ, ದೀಪ ಝಗ್ಗನೆ ಏರಿತೋ, ಅದರ ಬೆನ್ನಿಗೇ ಕೆಂಚವ್ವನ ಕಿರುಚು.

"ಹಲ್ಲಿ ಬಂತ್ರೀ ಮೇಡಮ್ಮಾರ!" ಎಂದು ಇಮಾಮಸಾಬ ಕೂಗುತ್ತಿದ್ದ. ಹಲ್ಲಿಯ ಏರು ಒಂದು ತರ, ಝಗ್ಗನೆ ಹೋಗಿ ಝಗ್ಗನೆ ಇಳಿಯುವುದು. ಎಲ್ಲರೂ ನಗುತ್ತಿದ್ದರು, ಜಾಲಿಹಾಳನೂ. ಮಾಳವ್ವನೂ ನಗುತ್ತಿದ್ದಳು. ಕೋಣೆಯಿಂದ ಅಂಚಿಗೆ ಮಾತಾಡುವ ಒಂದು ಗುಂಡಿ ಅವಳ ಮೇಜಿನ ಮೇಲಿತ್ತು. ಅಪ್ಪಣೆ ಕೊಡಲಿಕ್ಕೆ ಮಾತ್ರ ಅದನ್ನು ಒತ್ತಬೇಕು. ಎಷ್ಟು ಸಲ ಬೆರಳು ಅದರ ಮೇಲೆ ಹೋಗಿ ಹಿಂದೆ ಬಂತೋ.

ಮಬ್ಬಿನವರು ಬಂದದ್ದು ಕೆಂಡದಂಥ ಬಿಸಿಲಿನ ಒಂದು ಮಧ್ಯಾಹ್ನ, ಉಂಡವರ ಕಣ್ಣು ಭಾರವಾಗುವ ಹೊತ್ತಿಗೆ. ಬಳೆ ಸದ್ದಾದವು. ಈ ಸಲ ಗಲಗಲ ಅನ್ನಲಿಲ್ಲ, ಹಲ್ಲು ಕಟಕಟಿಸಿದ ಹಾಗೆ ಸಣ್ಣಗೆ, ಬಿಡದೆ ಸದ್ದು ಮಾಡಿದವು. ದೀಪ ಮೆಲ್ಲಗೆ ಏರಿತು. ಏರುತ್ತಲೇ ಹೋಯಿತು.

"ಇದು ಹಲ್ಲಿ ಅಲ್ರೀ" ಎಂದು ಇಮಾಮಸಾಬ ಪಿಸುಗುಟ್ಟಿದ.

ಜಾಲಿಹಾಳ ನಕಾಶೆಯ ಮೇಲೆ ಬಾಗಿದ. ಆಚೀಚೆಯ ದೀಪಗಳೂ ಏರತೊಡಗಿದವು. ಗುಡ್ಡದ ಹಿಂದೆ ಫಿರಂಗಿಗಳು ಗರಗರ ಅಂತ ತಿರುಗುವುದು ಕಲ್ಲಿನ ಗೋಡೆಯಲ್ಲೂ ಕೇಳಿಸಿತು. ಒಂದೇ ದೊಡ್ಡ ತಂಡ, ಕೊಳ್ಳದೊಳಗಿಂದ ಸೀದಾ ಆಣೆಕಟ್ಟಿನ ತೂಬಿನ ಕಡೆಗೆ ಹೊರಟಿತ್ತು. ಕೊಳ್ಳ ದಾಟಿದರೆ ಮುಂದೆ ತಡೆಯುವವರು ಯಾರೂ ಇಲ್ಲ. ನೀರಿಗಾಗಿ ಅವರು ತೂಬು ಒಡೆದರೆ ಕೆಳಗೆ ಹುಲಿಕಟ್ಟಿ, ಅದರ ಕೆಳಗೆ ಇಡೀ ಕಣಿವೆ. ಗುರಿ ಕೂಡಲು ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು, ಅಲ್ಲಿಯವರೆಗೆ ಕೆಂಚವ್ವನ ದೀಪ ಉರಿಯಬೇಕಿತ್ತು. ಉಳಿದ ದೀಪಗಳನ್ನು ಅಳೆಯಲು ಅದೇ ಅಳತೆಗೋಲು.

"ಅಕ್ಕಾ." ಸ್ಪೀಕರಿನಲ್ಲಿ ದನಿ ಬಂತು. "ಅಕ್ಕಾ, ಜೀರುಂಡಿ ನಿಂತಾವು. ಯವ್ವಾ, ಏನೋ ಬರಾಕತ್ತೈತಿ. ಏನೂ ಕಾಣವಲ್ದು. ಅಕ್ಕಾ, ಒಂದ ಮಾತ ಆಡ."

ಮಾಳವ್ವನ ಬೆರಳು ಗುಂಡಿಯ ಪಕ್ಕದಲ್ಲಿತ್ತು. ಅವಳು ಒತ್ತಲಿಲ್ಲ.

"ನೀ ಮಾತಾಡಬಾರದು, ಗೊತ್ತೈತಿ ನನಗ" ಎಂದಳು ಕೆಂಚವ್ವ. ಅಳುತ್ತಿದ್ದಳು. ಆಮೇಲೆ ಮೂಗೆಳೆದುಕೊಂಡು ತನಗೆ ತಾನೇ ಹೇಳಿಕೊಳ್ಳಲು ಶುರು ಮಾಡಿದಳು. "ಹಿಂದ ಅಕ್ಕ ಅದಾಳ. ಗುಡ್ಡದ ಮ್ಯಾಲ ಕೂತಾಳ. ಹಿಂದ ಅಕ್ಕ ಅದಾಳ. ಹಿಂದ ಅಕ್ಕ ಅದಾಳ."

ಬಳೆಯ ಸದ್ದು ನಿಧಾನವಾಯಿತು. ದೀಪ ತಗ್ಗಿತು.

"ಅಯ್ಯೋ ದೇವರೇ, ಇಳಿಯಾಕತ್ತೈತಿ!" ಇಮಾಮಸಾಬ ಎದ್ದು ನಿಂತ. ಗೋಡೆಯೊಳಗಿನ ಗರಗರ ಸದ್ದು ತಡವರಿಸಿತು. ಫಿರಂಗಿಗಳು ಆ ಕಡೆ ಈ ಕಡೆ ಹುಡುಕತೊಡಗಿದವು. ಪಕ್ಕದ ದೀಪ ಒಂದು ಫಕ್ಕನೆ ಆರಿಹೋಯಿತು. ಅಂಜಿಕೆ ಹೋಗಿ ಆರಿದ್ದಲ್ಲ ಅದು, ಮನುಷ್ಯ ಹೋಗಿ ಆರಿದ್ದು.

ಜಾಲಿಹಾಳ ಮಾಳವ್ವನ ಕಡೆ ತಿರುಗಿದ. ಅಪ್ಪಣೆ ಕೊಡಲಿಲ್ಲ. ಕೂಗಾಡಲಿಲ್ಲ. "ತಂಗೀ" ಎಂದ, ಅಷ್ಟೇ. ಅದೇ ಮೊದಲ ಸಲ ಅವಳನ್ನು ಹಾಗೆ ಕರೆದದ್ದು.

ಬಡಿಗೆ ತಗೊಂಡು ಓಡಬೇಕು ಎಂದು ಅವಳ ಕಾಲಿಗೆ ಅನ್ನಿಸಿತು. ಕುರಿ ಅಂಜಿದ ಕಡೆಗೆ ಓಡುವುದು ರಕ್ತದಲ್ಲೇ ಇತ್ತಲ್ಲ. ಆದರೆ ಗುಡ್ಡ ಇಳಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಓಡುವವರು ಇಷ್ಟು ದೂರ ಬಂದು ಕೂತಾಗಿತ್ತು. ಕಣ್ಣೆದುರು ಹುಲಿಕಟ್ಟಿಯ ಓಣಿ ಬಂತು, ಸೆರಗು ಬಾಯಿಗೆ ತುರುಕಿಕೊಂಡ ಅವ್ವ ಬಂದಳು. ತಂಗಿಯ ಅಂಜಿಕೆಯ ಬೇರು ಎಲ್ಲಿದೆ ಎಂದು ಈ ಲೋಕದಲ್ಲಿ ಗೊತ್ತಿದ್ದವಳು ಅವಳೊಬ್ಬಳೇ.

ಗುಂಡಿ ಒತ್ತಿದಳು.

"ಕೆಂಚೀ."

"ಅಕ್ಕಾ!" ಆ ದನಿಯಲ್ಲಿದ್ದ ಸಂತೋಷವನ್ನು ಮಾಳವ್ವ ಸಾಯುವವರೆಗೆ ಮರೆಯಲಾರಳು.

"ಕೆಂಚೀ, ನಾ ಅಲ್ಲಿ ಇಲ್ಲ. ನಿನ್ನ ಹಿಂದ ಬ್ಯಾರೆ ಯಾರೋ ಅದಾರ."

ಬಳೆಗಳು ಒಮ್ಮೆ ಜೋರಾಗಿ ಸದ್ದು ಮಾಡಿದವು, ಒಡೆದ ಸದ್ದು ಅದು. ಅವಳು ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು. ದೀಪ ಏರಿ ಏರಿ ನಕಾಶೆಯ ಗಾಜಿನ ಮೇಲೆ ಬೆಳ್ಳಗೆ ಹರಡಿ, ಕೋಣೆಯವರೆಲ್ಲ ಮುಖಕ್ಕೆ ಕೈ ಅಡ್ಡ ಹಿಡಿದರು. ಲೆಕ್ಕ ಕೂಡಿತು. ಫಿರಂಗಿಗಳು ಒಟ್ಟಿಗೆ ಹಾರಿದವು. ಗುಡ್ಡ ಅದುರಿ ಸೂರಿನಿಂದ ಕೆಂಪು ಮಣ್ಣು ಉದುರಿ ಎಲ್ಲರ ತಲೆಯ ಮೇಲೆ ಬಿತ್ತು.

ಆ ಮಧ್ಯಾಹ್ನ ಮಬ್ಬಿನವರ ಬೆನ್ನೆಲುಬು ಮುರಿಯಿತು. ಆಣೆಕಟ್ಟು ಉಳಿಯಿತು, ಕಣಿವೆ ಉಳಿಯಿತು. ಹುಲಿಕಟ್ಟಿಯಲ್ಲಿ ಹಲಗೆ ಬಾರಿಸಿ ಕುಣಿದರು. ಕೆಂಚವ್ವ ಗುಂಡಿಯಲ್ಲಿ ಮಣ್ಣು ಮುಚ್ಚಿಕೊಂಡು ಕೂತಿದ್ದಳು, ಜೀವಂತ. ಮೈಮೇಲೆ ಒಂದು ಗೀರು ಇರಲಿಲ್ಲ. ಮುಖ ಮಾತ್ರ ಕೊಳ್ಳದ ಕಡೆಗಿರಲಿಲ್ಲ, ಗುಡ್ಡದ ಕಡೆಗಿತ್ತು.

ಮಾರನೆಯ ದಿನ ಜಾಲಿಹಾಳ ಮಾಳವ್ವನ ಎದುರು ಕೂತು ಚಹಾ ಕಲಕಿದ.

"ಮಾಳವ್ವಾರ, ಎಲ್ಲಾರಿಗೂ ಅವ್ವನೋ ಅಕ್ಕನೋ ಇರ್ತಾರ. ದೀಪ ತಗ್ಗಿದಾಗ ಅವರ ದನಿ... ತಪ್ಪ ತಿಳೀಬ್ಯಾಡ್ರಿ. ಮಬ್ಬಿನವರು ಹೋಗ್ಯಾರ, ಮತ್ತ ಬರ್ತಾರ. ಇದನ್ನ ಒಂದು ಕ್ರಮಕ್ಕ ತರಬೇಕಾಗ್ತೈತಿ."

"ಒಂದ ಕಾಲಕ್ಕ ನೀವ ಬಳಿ ತೊಟ್ಟಿದ್ರಿ ಸಾಹೇಬ್ರ" ಎಂದಳು ಮಾಳವ್ವ.

"ಹೌದು. ಆಗ ನನಗ ಅಂಜಿಕಿ ಇತ್ತು" ಎಂದ ಆತ. ಸುಳ್ಳಾಡುವ ಮನುಷ್ಯನಲ್ಲ.

ಅವಳು ಬರೆಯಲಿಲ್ಲ. ಬೇರೆ ಯಾರೋ ಬರೆದರು. ಸೈನ್ಯದಲ್ಲಿ ಅದನ್ನು ಮಾಳವ್ವನ ನಿಯಮ ಎಂದೇ ಕರೆಯತೊಡಗಿದರು. ಟೆಲಿಫೋನ್ ಕೋಣೆಯ ಗೋಡೆಯ ಮೇಲಿದ್ದ ಹಳೆಯ ಸಾಲಿನ ಕೆಳಗೆ ಹೊಸ ಸಾಲು ಬಂತು: "ದೀಪ ತಗ್ಗಿದರೆ ಮನೆಯವರೇ ಅಂಜಿಸಬೇಕು."

ಮಾಳವ್ವ ಕೆಲಸ ಬಿಟ್ಟು ಊರಿಗೆ ಬಂದಳು. ಕೆಂಚವ್ವ ಅವಳಿಗಿಂತ ಮೊದಲೇ ಬಂದು ಮಿಷನ್ನಿಗೆ ಕೂತಿದ್ದಳು. ಉಣ್ಣು ಅಂದರೆ ಉಣ್ಣುತ್ತಿದ್ದಳು, ಹೊಲಿಗೆ ಮೊದಲಿಗಿಂತ ನೆಟ್ಟಗೆ ಬರುತ್ತಿತ್ತು. ಕೈಯಲ್ಲಿ ಹೊಸ ಬಳೆ ಹಾಕಿಸಿದ್ದಳು ಸಿದ್ದವ್ವ, ಆದರೆ ಅವು ಸದ್ದು ಮಾಡುತ್ತಿರಲಿಲ್ಲ. ರಾತ್ರಿ ಅಂಗಳದ ನಡುವೆ, ಗೋಡೆಯಿಂದ ದೂರ, ಒಬ್ಬಳೇ ಮಲಗುತ್ತಿದ್ದಳು. ಮಲಗಿದ ಕೂಡಲೇ ನಿದ್ದೆ.

ಒಂದು ದಿನ ತೊಲೆಯಿಂದ ಹಲ್ಲಿಯೊಂದು ಟಪ್ಪನೆ ಅವಳ ಮುಂಗೈ ಮೇಲೆ ಬಿತ್ತು. ಸಿದ್ದವ್ವ ಅಭ್ಯಾಸದಂತೆ ಎದ್ದು ನಿಂತಳು, ಇನ್ನೇನು ಓಣಿ ಕೂಡುತ್ತದೆ ಎಂದು. ಕೆಂಚವ್ವ ಅದನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಆಚೆ ಬಿಟ್ಟು, ಬಿಟ್ಟಲ್ಲಿಂದ ಹೊಲಿಗೆ ಮುಂದುವರಿಸಿದಳು. ಸಿದ್ದವ್ವ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕುಕ್ಕರಿಸಿ ಅತ್ತಳು. ಮಗಳು ಸತ್ತಿದ್ದರೆ ಎಷ್ಟು ಅಳುತ್ತಿದ್ದಳೋ ಅಷ್ಟು ಅತ್ತಳು.

"ಏನ್ ಅಂದೀ ಆಕಿಗೆ? ಫೋನಿನ್ಯಾಗ ಏನ್ ಅಂದೀ?" ಎಂದು ಮಾಳವ್ವನ ರಟ್ಟೆ ಹಿಡಿದು ಅಲುಗಾಡಿಸಿದಳು. ಮಾಳವ್ವ ಹೇಳಿದಳು. ಮುಚ್ಚಿಡದೆ ಅಷ್ಟನ್ನೂ ಹೇಳಿದಳು. ಸಿದ್ದವ್ವ ಹಿಡಿದ ಕೈ ಬಿಟ್ಟಳು. ಆಮೇಲೆ ಆ ಕೈ ಮತ್ತೆ ಎಂದೂ ಮಾಳವ್ವನನ್ನು ಮುಟ್ಟಲಿಲ್ಲ.

ಹೀಗಿರುವಾಗ ಎದುರುಮನೆಯ ನೀಲವ್ವ ಬಂದಳು. ಅವಳ ಮಗ ಫಕೀರಪ್ಪ, ಬಸ್ಸಿನ ಕಂಡಕ್ಟರು, ಈಗ ಅಂಚಿನಲ್ಲಿದ್ದ. ಮಬ್ಬಿನವರು ಮತ್ತೆ ಘಟ್ಟ ಹತ್ತುತ್ತಿದ್ದರು. ಗುಡ್ಡಕ್ಕೆ ಬಂದು ಕೂರಬೇಕೆಂದು ನೀಲವ್ವನಿಗೆ ಕರೆ ಬಂದಿತ್ತು. ಹೊಸ್ತಿಲಲ್ಲಿ ನಿಂತು ಸೆರಗಿನ ತುದಿ ಹಿಂಡಿದಳು.

"ಮಾಳವ್ವಕ್ಕಾ, ನೀ ಕಲ್ತಾಕಿ, ನಿನಗ ಗೊತ್ತು. ಜಲಮದಾಗ ಅವನಿಗೆ ಅಂಜಬ್ಯಾಡ ಅನ್ನೂದು ಬಿಟ್ಟು ಬ್ಯಾರೆ ಹೇಳಿದಾಕಿ ಅಲ್ಲ ನಾ. ಈಗ ಅಂಜಸಬೇಕಂತ. ಏನಂತ ಹೇಳಲಿವ್ವಾ? ನನ್ನ ಬಾಯಾಗ ಏನೂ ಬರವಲ್ದು."

ಮಾಳವ್ವ ಬಾಯಿ ತೆರೆದಳು. ಹೇಳಬೇಡ, ಹೋಗಬೇಡ, ಆಣೆಕಟ್ಟು ಕೊಚ್ಚಿ ಹೋದರೂ ಹೋಗಲಿ ಅನ್ನಬೇಕೆನಿಸಿತು. ಅನ್ನುವ ಮುಖ ಅವಳಿಗಿತ್ತೆ?

ಮಿಷನ್ನಿನ ಸದ್ದು ನಿಂತಿತು. ಕೆಂಚವ್ವ ತಲೆ ಎತ್ತದೆ, ಬಟ್ಟೆಯ ಅಂಚು ಮಡಚುತ್ತ ಮಾತಾಡಿದಳು. ಊರಿಗೆ ಬಂದ ಮೇಲೆ ಅವಳು ತಾನಾಗಿ ಆಡಿದ ಮೊದಲ ಮಾತು ಅದು.

"ಹಿಂದ ಯಾರೋ ಅದಾರ ಅನ್ನು, ನೀಲವ್ವತ್ತಿ. ನಿನ್ನ ದನಿ ಕೇಳಿದ್ರ ತಿರಗಿ ನೋಡತಾನ."

"ಹಿಂದ ಯಾರಿರ್ತಾರವ್ವಾ?"

"ಯಾರೂ ಇರಂಗಿಲ್ಲ" ಎಂದಳು ಕೆಂಚವ್ವ. "ನಾ ನೋಡೀನಲ್ಲ."

ಸೂಜಿಯ ಕೆಳಗೆ ಬಟ್ಟೆ ಸರಿಸಿಕೊಂಡು ಮತ್ತೆ ಕಾಲಿನಿಂದ ಮಿಷನ್ ತುಳಿಯತೊಡಗಿದಳು. ನೀಲವ್ವ ಇನ್ನೂ ಸ್ವಲ್ಪ ಹೊತ್ತು ಹೊಸ್ತಿಲಲ್ಲಿ ನಿಂತಿದ್ದು, ಗುಡ್ಡಕ್ಕೆ ಹೋಗುವ ಬಸ್ಸಿನ ಹೊತ್ತಾಯಿತೆ ಎಂದು ಸಿದ್ದವ್ವನನ್ನು ಕೇಳಿದಳು.